ಮೊಣಕಾಲು ವಾಸಿಯಾಯಿತು, ಹೆದರಿಕೆ ಹೋಗಲಿಲ್ಲ: ಬ್ರೇಸ್, ಕಲ್ಪನೆ, ಕೌನ್ಸೆಲಿಂಗ್, ಮ್ಯಾಟ್ ಅಭ್ಯಾಸ – ಯಾವುದು ಎಷ್ಟು ಕೆಲಸ ಮಾಡಿತು?

ಎಸಿಎಲ್ ಅಂದರೆ ಮೊಣಕಾಲಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್. ಅದು ಹರಿದು ಆಪರೇಷನ್ ಆದವರ ಕೈಗೆ ವ್ಯಾಯಾಮದ ಪಟ್ಟಿ ಬರುತ್ತದೆ. ಸೈಕಲ್ ಯಾವಾಗ, ಓಟ ಯಾವಾಗ, ಜಿಗಿತ ಯಾವಾಗ ಎಲ್ಲ ಅದರಲ್ಲಿರುತ್ತದೆ. ಹೆದರಿಕೆಗೆ ಏನು ಮಾಡಬೇಕು ಅನ್ನೋದು ಮಾತ್ರ ಇರುವುದಿಲ್ಲ.

ನಾನು ಕರಾವಳಿ ಕಡೆಯ ಕಬಡ್ಡಿ ಆಟಗಾರ್ತಿ, ರೈಡರ್. ಬೋನಸ್ ಲೈನ್ ದಾಟಿ ತಿರುಗುವಾಗ ಬಲಗಾಲು ಎದುರಾಳಿಯ ಕೈಯಲ್ಲಿ ಉಳಿಯಿತು, ಮೈ ಮಾತ್ರ ತಿರುಗಿತು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ಎಳೆ ತೆಗೆದು ಹೊಸ ಲಿಗಮೆಂಟ್ ಕೂರಿಸಿದರು. ಒಂಟಿ ಕಾಲಿನ ಜಿಗಿತದಲ್ಲಿ ಆಪರೇಷನ್ ಆದ ಕಾಲು ಇನ್ನೊಂದರ ಶೇ. 90 ಮುಟ್ಟಬೇಕು ಅಂತಾರೆ, ಅದನ್ನೂ ಮುಟ್ಟಿದೆ. ಆದರೂ ಮ್ಯಾಟ್ ಮೇಲೆ ಯಾರಾದರೂ ಬಲಗಾಲಿನ ಕಡೆ ಕೈ ಚಾಚಿದರೆ ಸಾಕು, ಮೈ ಬಿಗಿದುಕೊಳ್ಳುತ್ತಿತ್ತು.

ಇದು ತುಂಬಾ ಜನರಿಗೆ ಆಗುತ್ತದೆ. ಎಸಿಎಲ್ ಆಪರೇಷನ್ ಆದವರ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು 2014ರಲ್ಲಿ ಒಟ್ಟು ಸೇರಿಸಿ ನೋಡಿದರು. ಶೇ. 81 ಜನ ಯಾವುದಾದರೂ ಒಂದು ಆಟಕ್ಕೆ ಮರಳಿದ್ದರು. ಮೊದಲಿನ ಮಟ್ಟಕ್ಕೆ ಮರಳಿದವರು ಶೇ. 65, ಸ್ಪರ್ಧೆಗೆ ಇಳಿದವರು ಶೇ. 55. ಕಾಲು ಗಟ್ಟಿಯಾಗದೆ ಉಳಿದವರು ಇದರಲ್ಲಿದ್ದಾರೆ, ನಿಜ. ಕಾಲು ಗಟ್ಟಿಯಾಗಿಯೂ ಒಳಗೆ ಹೆಜ್ಜೆ ಇಡಲಾಗದವರೂ ಇದ್ದಾರೆ.

ನನ್ನ ಫಿಸಿಯೋ ಒಂದು ದಿನ ಎಸಿಎಲ್-ಆರ್‌ಎಸ್‌ಐ ಅನ್ನೋ ಪ್ರಶ್ನಾವಳಿ ಕೊಟ್ಟು ತುಂಬಿಸಿದರು. 2008ರಲ್ಲಿ ಬಂದದ್ದು, 12 ಪ್ರಶ್ನೆ, ಸೊನ್ನೆಯಿಂದ ನೂರರವರೆಗೆ ಅಂಕ. ಅಂಕ ಜಾಸ್ತಿ ಇದ್ದಷ್ಟೂ ಮನಸ್ಸು ಆಟಕ್ಕೆ ತಯಾರಾಗಿದೆ ಅಂತ. ನನ್ನ ಅಂಕ ಕಡಿಮೆಯೇ ಬಂತು. ಅದಕ್ಕಿಂತ ಮುಖ್ಯ, ಉತ್ತರಗಳನ್ನು ಒಟ್ಟಿಗೆ ನೋಡಿದಾಗ ನನ್ನಲ್ಲಿ ಎರಡು ಬೇರೆ ಬೇರೆ ಹೆದರಿಕೆ ಇರುವುದು ಕಂಡಿತು. ಒಂದು ಮ್ಯಾಟ್ ಮೇಲಿನದು: ಕಾಲು ಹಿಡಿದಾಗ ಬರುವ ಬಿಗಿತ. ಇನ್ನೊಂದು ರಾತ್ರಿಯದು: ಮತ್ತೆ ಹರಿದರೆ, ಮತ್ತೆ ಆಪರೇಷನ್ ಆದರೆ, ಮತ್ತೆ ಅಮ್ಮ ಕೆಲಸಕ್ಕೆ ರಜೆ ಹಾಕಿ ನನ್ನನ್ನು ಬಚ್ಚಲಿಗೆ ನಡೆಸಿಕೊಂಡು ಹೋಗಬೇಕಾದರೆ. ಮುಂದೆ ಬರೆಯುವ ಹೋಲಿಕೆಗೆ ಇದೇ ಅಳತೆಗೋಲು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮದ್ದಾಗಲಿಲ್ಲ.

ಮೊದಲು ಬ್ರೇಸ್. ಬಟ್ಟೆಯ ನೀ ಕ್ಯಾಪ್ ಮತ್ತು ಪಕ್ಕದಲ್ಲಿ ಲೋಹದ ಪಟ್ಟಿ ಇರುವ ಬ್ರೇಸ್, ಎರಡನ್ನೂ ಹಾಕಿ ನೋಡಿದೆ. ಲೋಹದ್ದು ಹಾಕಿದ ತಕ್ಷಣ ಧೈರ್ಯ ಬರುತ್ತದೆ, ಸುಳ್ಳು ಹೇಳಲ್ಲ. ಓಡುವಾಗ, ಮೆಟ್ಟಿಲು ಇಳಿಯುವಾಗ ಮನಸ್ಸು ಹಗುರ. ಆದರೆ ಕಬಡ್ಡಿಯಲ್ಲಿ ಅದು ಎದುರಿನವರಿಗೆ ಪೆಟ್ಟು, ಪಂದ್ಯಕ್ಕೆ ಹಾಕಿಕೊಂಡು ಇಳಿಯುವ ಹಾಗಿಲ್ಲ. ಅಭ್ಯಾಸದಲ್ಲಿ ಬಂದ ಧೈರ್ಯ ಬ್ರೇಸ್ ಬಿಚ್ಚಿದ ಕೂಡಲೇ ಅದರ ಜೊತೆಗೇ ಹೋಗುತ್ತಿತ್ತು. ಬ್ರೇಸ್ ಹಾಕಿದರೆ ಲಿಗಮೆಂಟ್ ಮತ್ತೆ ಹರಿಯುವುದು ಕಡಿಮೆಯಾಗುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಬಟ್ಟೆಯದು ಪರವಾಗಿಲ್ಲ. ಚರ್ಮಕ್ಕೆ ಒತ್ತಿಕೊಂಡಿರುವುದರಿಂದ ಮೊಣಕಾಲು ಎಲ್ಲಿದೆ ಅನ್ನೋದು ಸ್ವಲ್ಪ ಚೆನ್ನಾಗಿ ಗೊತ್ತಾಗುತ್ತದೆ. ಅದನ್ನು ಈಗಲೂ ಹಾಕುತ್ತೇನೆ. ರಾತ್ರಿಯ ಹೆದರಿಕೆಗೆ ಎರಡೂ ಉಪಯೋಗವಿಲ್ಲ.

ಎರಡನೆಯದು ಕಣ್ಣು ಮುಚ್ಚಿ ಆಟವನ್ನು ಕಲ್ಪಿಸಿಕೊಳ್ಳುವುದು. ಕ್ಯುಪಲ್ ಮತ್ತು ಬ್ರೂವರ್ ಅನ್ನೋ ಸಂಶೋಧಕರು 2001ರಲ್ಲಿ ಇದನ್ನು ಎಸಿಎಲ್ ಆಪರೇಷನ್ ಆದವರ ಮೇಲೆಯೇ ಪರೀಕ್ಷಿಸಿದ್ದಾರೆ. ಮೈ ಸಡಿಲಿಸಿ ಕಲ್ಪನೆ ಮಾಡುವ ಅಭ್ಯಾಸ ಪಡೆದವರಿಗೆ 24 ವಾರಗಳ ಹೊತ್ತಿಗೆ ನೋವೂ ಕಡಿಮೆ, ಮತ್ತೆ ಗಾಯವಾಗುತ್ತದೆ ಅನ್ನೋ ಆತಂಕವೂ ಕಡಿಮೆ ಇತ್ತು. ಖರ್ಚಿಲ್ಲ, ಮ್ಯಾಟ್ ಬೇಡ, ಕಾಲಿಗೆ ಪ್ಲಾಸ್ಟರ್ ಇದ್ದರೂ ಮಾಡಬಹುದು. ಆದರೆ ಒಬ್ಬಳೇ ಮಾಡಿದಾಗ ನನ್ನ ತಲೆಯೊಳಗಿನ ರೈಡ್ ಪ್ರತಿ ಸಲವೂ ಕಾಲು ತಿರುಚುವಲ್ಲೇ ಮುಗಿಯುತ್ತಿತ್ತು. ಆಮೇಲೆ ಮನೋತಜ್ಞರು ತಿದ್ದಿದರು: ಗ್ಯಾಲರಿಯಿಂದ ನೋಡಿದ ಹಾಗೆ ಬೇಡ, ನಿಮ್ಮ ಕಣ್ಣಿಂದಲೇ ನೋಡಿ. ತಿರುಗುವುದರಿಂದ ಶುರು ಮಾಡಬೇಡಿ, ತಿರುಗಿ ಆದ ಮೇಲಿನ ಎರಡು ಹೆಜ್ಜೆಯಿಂದ ಶುರು ಮಾಡಿ. ಹಾಗೆ ಮಾಡಿದ ಮೇಲೆ ಇದು ದಾರಿಗೆ ಬಂತು. ಗಾಯವಾದ ಪಂದ್ಯದ ವಿಡಿಯೊ ಪದೇ ಪದೇ ನೋಡಿದರೆ ಹೆದರಿಕೆ ಬಿಡುತ್ತದೆ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಒಬ್ಬರೇ ಕೂತು ಅದನ್ನು ಮಾಡಬೇಡಿ. ನನಗೆ ಅದರಿಂದ ನಿದ್ದೆ ಕೆಟ್ಟಿತು, ಬೇರೇನೂ ಆಗಲಿಲ್ಲ.

ಕೌನ್ಸೆಲಿಂಗ್ ವಿಡಿಯೊ ಕಾಲ್‌ನಲ್ಲಿ ನಡೆಯಿತು. ಕ್ರೀಡಾ ಮನೋತಜ್ಞರು ನಮ್ಮ ಊರಲ್ಲಿಲ್ಲ. ಅವರು ಧೈರ್ಯ ತುಂಬುವ ಮಾತು ಒಂದೂ ಆಡಲಿಲ್ಲ. ಮತ್ತೆ ಹರಿದರೆ ಮೊದಲ ವಾರ ಏನಾಗುತ್ತದೆ, ಯಾರು ಜೊತೆಗಿರುತ್ತಾರೆ, ದುಡ್ಡು ಎಲ್ಲಿಂದ, ಕೆಲಸಕ್ಕೆ ಏನು ಹೇಳುತ್ತೀರಿ ಅಂತ ಒಂದೊಂದಾಗಿ ಕೇಳಿದರು. ಬರೆದೆ. ಮನೆಯಲ್ಲಿ ಎಲ್ಲರೂ ಕೂತು ಮಾತಾಡಿದೆವು. ಚಿಕ್ಕಮ್ಮ, "ಅಮ್ಮನಿಗೆ ರಜೆ ಎಂತಕ್ಕೆ, ನಾನಿಲ್ವಾ" ಅಂದರು. ಆ ಹಾಳೆ ತುಂಬಿದ ಮೇಲೆ ರಾತ್ರಿಯ ಹೆದರಿಕೆ ಬಹಳಷ್ಟು ಇಳಿಯಿತು. ಯಾಕೆಂದರೆ ನಾನು ಹೆದರುತ್ತಿದ್ದದ್ದು ನೋವಿಗಲ್ಲ, ಇನ್ನೊಬ್ಬರಿಗೆ ಭಾರವಾಗಿ ಕಳೆದ ಆ ತಿಂಗಳುಗಳಿಗೆ. ಮ್ಯಾಟ್ ಮೇಲಿನ ಬಿಗಿತ ಮಾತ್ರ ಹಾಗೇ ಇತ್ತು. ಮಾತಿನಿಂದ ಅದು ಹೋಗುವಂಥದ್ದಲ್ಲ. ಖರ್ಚಿನ ಚಿಂತೆ ಇದ್ದವರಿಗೆ ಒಂದು ಮಾತು: 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಿಗುತ್ತದೆ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಆಟದ ತಜ್ಞರು ಸಿಗದಿದ್ದರೂ ನಿದ್ದೆ ಬಾರದ ರಾತ್ರಿಗೆ ಅದು ಆಸರೆ.

ನನ್ನನ್ನು ಆಟಕ್ಕೆ ತಂದದ್ದು ನಾಲ್ಕನೆಯದು: ಹೆದರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮ್ಯಾಟ್ ಮೇಲೆಯೇ ಎದುರಿಸುವುದು. ಫಿಸಿಯೋ, ಕೋಚ್ ಸರ್ ಇಬ್ಬರೂ ಕೂತು ಯೋಜನೆ ಮಾಡಿದರು. ಹಿಡಿಯುವ ಕೆಲಸ ನಮ್ಮ ಲೆಫ್ಟ್ ಕಾರ್ನರ್ ಹುಡುಗಿಗೆ. ಶುರುವಿನಲ್ಲಿ ನಾನು ಸುಮ್ನೆ ನಿಲ್ಲುವುದು, ಅವಳು ಬಲಗಾಲಿನ ಹಿಮ್ಮಡಿಯ ಮೇಲೆ ಕೈ ಇಡುವುದು. ಅಷ್ಟೇ. ಎಳೆಯುವ ಹಾಗಿಲ್ಲ. ಹೆದರಿಕೆ ಹತ್ತರಲ್ಲಿ ಎಷ್ಟು ಅಂತ ಸರ್ ಕೇಳುತ್ತಿದ್ದರು. ಮೊದಲು ಎಂಟು ಅಂದೆ, ಬರೀ ಕೈ ಇಟ್ಟದ್ದಕ್ಕೆ! ಮೂರಕ್ಕೆ ಇಳಿಯುವ ತನಕ ಮುಂದಿನ ಮೆಟ್ಟಿಲಿಲ್ಲ. ಆಮೇಲೆ ಹಿಡಿತ. ಆಮೇಲೆ ನಿಧಾನವಾಗಿ ಎಳೆಯುವುದು, ನಾನು ಬಿಡಿಸಿಕೊಳ್ಳುವುದು. ಆಮೇಲೆ ನಡೆಯುವ ವೇಗದ ರೈಡ್, ಹೇಳಿ ಹಿಡಿಯುವುದು, ಹೇಳದೆ ಹಿಡಿಯುವುದು, ತೊಡೆ ಹಿಡಿತ, ಕೊನೆಗೆ ಇಬ್ಬರು ಕೈ ಕೈ ಹಿಡಿದ ಚೈನ್. ನಾನು "ಬಿಡು" ಅಂದ ಕ್ಷಣ ಅವಳು ಬಿಡಬೇಕು. ಒಮ್ಮೆಯೂ ಅವಳು ತಡ ಮಾಡಲಿಲ್ಲ. ಈ ಇಡೀ ಕ್ರಮ ನಿಂತಿರುವುದೇ ಆ ಒಂದು ನಿಯಮದ ಮೇಲೆ. ಗಡಿಬಿಡಿ ಮಾಡುವವರ ಕೈಗೆ ಕಾಲು ಕೊಡಬೇಡಿ.

ಇದರಲ್ಲೇ ಫಿಸಿಯೋ ಸೇರಿಸಿದ ಒಂದು ಉಪಾಯ ಹೇಳಲೇಬೇಕು. ಹರಿದುಹೋದ ಲಿಗಮೆಂಟಿನಲ್ಲಿ ಕೀಲು ಎಲ್ಲಿದೆ, ಹೇಗೆ ಬಾಗಿದೆ ಅಂತ ಮಿದುಳಿಗೆ ತಿಳಿಸುವ ನರದ ತುದಿಗಳು ಇರುತ್ತವೆ. ಅವು ಹೋದ ಮೇಲೆ ಮಿದುಳು ಆ ಕೆಲಸಕ್ಕೆ ಕಣ್ಣನ್ನು ಜಾಸ್ತಿ ಬಳಸುತ್ತದೆ. ನಾನು ರೈಡ್‌ನಲ್ಲಿ ಪದೇ ಪದೇ ಕೆಳಗೆ ನನ್ನ ಮೊಣಕಾಲನ್ನೇ ನೋಡುತ್ತಿದ್ದೆ. ರೈಡರ್ ಕೆಳಗೆ ನೋಡಿದರೆ ಕಥೆ ಮುಗಿಯಿತು, ಅಲ್ವಾ? ಅದಕ್ಕೆ ಕವರ್‌ನಲ್ಲಿ ನಿಂತವಳು ಎದೆಯ ಮುಂದೆ ಬೆರಳು ತೋರಿಸಬೇಕು. ಬಾಯಲ್ಲಿ ಕಬಡ್ಡಿ ಕಬಡ್ಡಿ ನಡೆಯುತ್ತಿರುವುದರಿಂದ ನಾನು ವಾಪಸ್ ಬಂದ ಮೇಲೆ ಎಷ್ಟು ಬೆರಳು ಅಂತ ಹೇಳಬೇಕು. ಮೊದಮೊದಲು ಬೆರಳೇ ಕಂಡಿರುತ್ತಿರಲಿಲ್ಲ. ಸರಿಯಾಗಿ ಹೇಳಲು ಶುರುವಾದ ಮೇಲೆ ಕಣ್ಣು ಮೇಲೆ ನಿಂತಿತು, ಬಿಗಿತವೂ ಸಡಿಲವಾಯಿತು.

ಇದಕ್ಕೆ ಷರತ್ತಿದೆ. ಕಾಲು ನಿಜವಾಗಿ ತಯಾರಾಗುವ ಮೊದಲು ಈ ದಾರಿಗೆ ಇಳಿಯಬಾರದು. 2016ರ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದಕ್ಕೆ ಹಾಕಿದಷ್ಟೂ ಮತ್ತೆ ಗಾಯವಾಗುವ ಪ್ರಮಾಣ ಶೇ. 51ರಷ್ಟು ಇಳಿದಿತ್ತು. ಐದನೇ ತಿಂಗಳಲ್ಲಿ ಬರುವ ಹೆದರಿಕೆ ಸರಿಯಾದ ಹೆದರಿಕೆ, ಅದರ ಮಾತು ಕೇಳಬೇಕು. "ಎಂತಕ್ಕೆ ಹೆದರ್ತಿ ಮಾರಾಯ್ತಿ, ಇಳಿ" ಅನ್ನುವವರ ಮಾತಿಗೆ ಊರಿನ ಹೊನಲು ಬೆಳಕಿನ ಪಂದ್ಯಾಟಕ್ಕೆ ಇಳಿದು ಎರಡನೇ ಸಲ ಕಾಲು ಕಳೆದುಕೊಂಡವರನ್ನು ಕಂಡಿದ್ದೇನೆ, ಸಂಕಟವಾಗುತ್ತದೆ.

ದೊಡ್ಡ ಆಟಗಾರರನ್ನು ನೋಡಿ ಧೈರ್ಯ ತಂದುಕೊಳ್ಳುವುದೂ ಒಂದು ದಾರಿ. ಬೆಂಗಳೂರು ಬುಲ್ಸ್‌ಗೆ ಪ್ರೊ ಕಬಡ್ಡಿ ಕಪ್ ಗೆದ್ದುಕೊಟ್ಟ ಪವನ್ ಸೆಹ್ರಾವತ್ 2022ರ ಅಕ್ಟೋಬರ್‌ನಲ್ಲಿ ತಮಿಳ್ ತಲೈವಾಸ್ ಪರ ಆಡುವಾಗ ಮೊಣಕಾಲಿಗೆ ಗಾಯವಾಗಿ ಸೀಸನ್ನೇ ಕಳೆದುಕೊಂಡರು. ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನಾಯಕರಾಗಿ ಚಿನ್ನ ತಂದರು. 2016ರ ರಿಯೋದಲ್ಲಿ ಮೊಣಕಾಲಿಗೆ ಗಾಯವಾಗಿ ಸ್ಟ್ರೆಚರ್ ಮೇಲೆ ಹೋದ ಕುಸ್ತಿಪಟು ವಿನೇಶ್ ಫೋಗಟ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಇವರನ್ನು ನೋಡಿದರೆ ಆಸೆ ಹುಟ್ಟುತ್ತದೆ, ಆದರೆ ನಾಳೆ ಸಂಜೆ ಮ್ಯಾಟ್ ಮೇಲೆ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಅದಕ್ಕಿಂತ ನಮ್ಮ ಕ್ಲಬ್ಬಿನಲ್ಲೇ ಇದೇ ಆಪರೇಷನ್ ಆದ ಅಕ್ಕ ಒಬ್ಬರ ಜೊತೆ ಆಡಿದ ಮಾತು ಜಾಸ್ತಿ ಉಪಯೋಗಕ್ಕೆ ಬಂತು.

ಒಂದನ್ನೇ ಆರಿಸಿಕೊಳ್ಳಬೇಕು ಅಂದರೆ ನಾನು ಮ್ಯಾಟ್ ಅಭ್ಯಾಸವನ್ನೇ ಹೇಳುತ್ತೇನೆ, ಫಿಸಿಯೋ ಒಪ್ಪಿದ್ದರೆ ಮಾತ್ರ. ನಿದ್ದೆ ಕೆಟ್ಟಿದ್ದರೆ, ಮೈದಾನದ ಹತ್ತಿರ ಹೋಗಲೂ ಮನಸ್ಸಿಲ್ಲದಿದ್ದರೆ ಮೊದಲು ಕೌನ್ಸೆಲಿಂಗ್. ಲೋಹದ ಬ್ರೇಸ್‌ಗೆ ದುಡ್ಡು ಹಾಕುವ ಮೊದಲು ಎರಡು ಸಲ ಯೋಚಿಸಿ.

ಈಗ ನಾನು ಪೂರ್ತಿ ಪಂದ್ಯ ಆಡುತ್ತಿದ್ದೇನೆ. ಬೋನಸ್‌ಗೆ ಹೋಗುತ್ತೇನೆ, ಬಲಗಾಲು ಚಾಚಿ ಟೋ ಟಚ್ ಮಾಡುತ್ತೇನೆ. ಡುಬ್ಕಿಯನ್ನು ಮಾತ್ರ ಪಂದ್ಯದಲ್ಲಿ ಇನ್ನೂ ಹಾಕಿಲ್ಲ. ಚೈನ್ ಕೆಳಗೆ ಮೊಣಕಾಲು ಪೂರ್ತಿ ಬಗ್ಗಿಸಿ ನುಗ್ಗಬೇಕಲ್ಲ, ಅಭ್ಯಾಸದಲ್ಲಿ ಹೆದರಿಕೆ ಇನ್ನೂ ಐದರಲ್ಲಿದೆ. ಮೂರಕ್ಕೆ ಬಂದ ಮೇಲೆ ಹಾಕಬಹುದು ಅಂದಿದ್ದಾರೆ ಸರ್.