ಉಳಿ ಮಸೆಯಲು ಮೂರು ಯಂತ್ರ, ಉಳಿದದ್ದು ಎರಡು

6 ಮಿಲಿಮೀಟರ್ ಅಗಲದ ಉಳಿಯ ಒಂದು ಮೂಲೆ ಕಣ್ಣೆದುರಿಗೇ ನೀಲಿಗೆ ತಿರುಗಿದ ದಿನ ಈ ಹೋಲಿಕೆ ಶುರುವಾಯಿತು. ಸಾದಾ ಕಾರ್ಬನ್ ಉಕ್ಕು ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಬರುವ ಬಣ್ಣ ಅದು. ಅಷ್ಟು ಬಿಸಿಯಾದರೆ ಉಕ್ಕಿನ ಹದ, ಅಂದರೆ ಗಡಸುತನ, ಹೋಯಿತು ಅಂತಲೇ ಅರ್ಥ. ನೀಲಿ ಇರುವಷ್ಟನ್ನೂ ಸವೆಸಿ ತೆಗೆಯುವ ತನಕ ಆ ಮೂಲೆ ಎಷ್ಟು ಮಸೆದರೂ ನಿಲ್ಲುವುದಿಲ್ಲ.

ಆಮೇಲೆ ಎರಡು ವರ್ಷ ಒಂದೇ ಕಟ್ಟಿನ ಉಳಿಗಳನ್ನು ಮೂರು ಯಂತ್ರಗಳಲ್ಲಿ ಸರದಿಯಂತೆ ಮಸೆದು ನೋಡಿದೆ: ಒಣ ಬೆಂಚ್ ಗ್ರೈಂಡರ್, ನೀರಿನ ತೊಟ್ಟಿಯಲ್ಲಿ ನಿಧಾನ ತಿರುಗುವ ಸಾಣೆ, ಮತ್ತು ಗಾಜಿನ ತಟ್ಟೆಗೆ ಸ್ಯಾಂಡ್‌ಪೇಪರ್ ಅಂಟಿಸಿ ಮಟ್ಟಸವಾಗಿ ತಿರುಗಿಸುವ ಡಿಸ್ಕ್ ಯಂತ್ರ. ಪರೀಕ್ಷೆ ಮೂರಕ್ಕೂ ಒಂದೇ. ಮೆದು ಮರದ ತುಂಡಿನ ತುದಿಯಲ್ಲಿ, ಎಳೆಗೆ ಅಡ್ಡವಾಗಿ, ತೆಳ್ಳಗೆ ಕೆತ್ತಬೇಕು. ಗಟ್ಟಿ ಮರ ಮೊಂಡು ಉಳಿಯನ್ನೂ ಕ್ಷಮಿಸುತ್ತದೆ. ಮೆದು ಮರದ ಎಳೆ ಮಾತ್ರ ಕತ್ತರಿಸಿಕೊಳ್ಳುವ ಬದಲು ಜಜ್ಜಿಹೋಗಿ ಗುಟ್ಟು ಬಿಟ್ಟುಕೊಡುತ್ತದೆ.

ವ್ಯತ್ಯಾಸದ ಬೇರು ಇರುವುದು ವೇಗದಲ್ಲಿ. ನನ್ನ ಬೆಂಚ್ ಗ್ರೈಂಡರ್‌ನ 150 ಮಿಮೀ ಚಕ್ರ ನಿಮಿಷಕ್ಕೆ ಹತ್ತಿರಹತ್ತಿರ 2900 ಸುತ್ತು ಹಾಕುತ್ತದೆ. ಅಂದರೆ ಅದರ ಅಂಚು ಸೆಕೆಂಡಿಗೆ 23 ಮೀಟರ್ ಓಡುತ್ತದೆ. ನೀರಿನ ಸಾಣೆಯದು 250 ಮಿಮೀ ಕಲ್ಲು, 90 ಸುತ್ತು, ಸೆಕೆಂಡಿಗೆ 1.2 ಮೀಟರ್. ಡಿಸ್ಕ್ ನಡುವಿನದು: 150 ಮಿಮೀ, 580 ಸುತ್ತು, ಹೊರ ಅಂಚಿನಲ್ಲಿ ನಾಲ್ಕೂವರೆ ಮೀಟರ್.

ಒಣ ಗ್ರೈಂಡರನ್ನು ಬೈಯುವುದು ಸುಲಭ, ನಾನೂ ಬೈದಿದ್ದೇನೆ. ಆದರೆ ತಪ್ಪಿನಲ್ಲಿ ಅರ್ಧ ಪಾಲು ಚಕ್ರದ್ದಾಗಿತ್ತು. ಯಂತ್ರದ ಜೊತೆ ಬಂದ ಬೂದು ಚಕ್ರದ ಮುಖ ಬಳಸಿ ಬಳಸಿ ಹೊಳೆಯುವಷ್ಟು ನಯವಾಗಿತ್ತು. ಅದು ಉಕ್ಕನ್ನು ಕತ್ತರಿಸುವುದನ್ನು ಬಿಟ್ಟು ಬರೇ ಉಜ್ಜುತ್ತಿತ್ತು. ಬಿಳಿ ಅಲ್ಯುಮಿನಿಯಂ ಆಕ್ಸೈಡ್ ಚಕ್ರ ಹಾಕಿ, ವಜ್ರದ ಡ್ರೆಸ್ಸರ್‌ನಿಂದ ಆಗಾಗ ಅದರ ಮುಖ ಕೆರೆದು ತಾಜಾ ಮಾಡತೊಡಗಿದ ಮೇಲೆ ಬಿಸಿ ಎಷ್ಟೋ ತಗ್ಗಿತು. ಡ್ರೆಸ್ ಮಾಡುವಾಗ ನಡುವೆ ಕೂದಲೆಳೆಯಷ್ಟು ಉಬ್ಬು ಉಳಿಸಿಕೊಂಡರೆ ಮೂಲೆಗಳು ಸುಡುವುದಿಲ್ಲ, ಏಕೆಂದರೆ ಉಳಿಯ ಇಡೀ ಅಗಲ ಒಟ್ಟಿಗೆ ಚಕ್ರಕ್ಕೆ ತಾಗುವುದೇ ಇಲ್ಲ. ಬೆರಳಿಗೆ ಬೆಚ್ಚಗೆ ತಟ್ಟಿದ ಕೂಡಲೇ ನೀರಿಗೆ ಅದ್ದಬೇಕು, ಚುರುಕ್ ಅನ್ನುವ ತನಕ ಕಾಯಬಾರದು. 25 ಮಿಮೀ ಉಳಿಯ ಅಲಗಿನಲ್ಲಿ ಒಂದು ಮಿಲಿಮೀಟರ್ ಮುಕ್ಕಾಗಿದ್ದರೆ ಇದರಲ್ಲಿ ಐದು ನಿಮಿಷದ ಕೆಲಸ. ನೀರಿನ ಸಾಣೆಯಲ್ಲಿ ಅದೇ ಕೆಲಸಕ್ಕೆ ಅರ್ಧ ಗಂಟೆ ಹಿಡಿಯಿತು, ಡಿಸ್ಕ್‌ನಲ್ಲಿ ಕಾಲು ಗಂಟೆ.

ಗುಂಡು ಚಕ್ರದಲ್ಲಿ ಹಿಡಿದರೆ ಇಳಿಜಾರು ಮುಖ ಒಳಕ್ಕೆ ತಗ್ಗುತ್ತದೆ, ಅಲಗು ದುರ್ಬಲವಾಗುತ್ತದೆ ಎಂಬ ಮಾತೊಂದಿದೆ. ಲೆಕ್ಕ ಹಾಕಿ ನೋಡಿದೆ. 3 ಮಿಮೀ ದಪ್ಪದ ಉಳಿ, 25 ಡಿಗ್ರಿ ಕೋನ, 150 ಮಿಮೀ ಚಕ್ರ ಎಂದಾದರೆ ತಗ್ಗಿನ ಆಳ 0.08 ಮಿಮೀ. ತುದಿಯಲ್ಲಿ ಕೋನ ಎರಡೂವರೆ ಡಿಗ್ರಿಯ ಆಸುಪಾಸು ಕಡಿಮೆಯಾಗುವುದು ನಿಜ. ಆದರೆ ಮಸೆಗಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಆ ಕೊರತೆ ತುಂಬುತ್ತದೆ. ಅದಕ್ಕಿಂತ ಮುಖ್ಯವಾಗಿ, ತಗ್ಗು ಇರುವುದರಿಂದ ಉಳಿ ಕಲ್ಲಿನ ಮೇಲೆ ಹಿಂದೆ ಮುಂದೆ ಎರಡು ಕಡೆ ಊರಿ ಅಲುಗದೆ ಕೂರುತ್ತದೆ. ಕೋನ ಕದಲದಂತೆ ಉಳಿಯನ್ನು ಹಿಡಿಯುವ ಜಿಗ್ ಇಲ್ಲದೆ ಕೈಯಲ್ಲೇ ಮಸೆಯುವವರಿಗೆ ಇದು ದೊಡ್ಡ ಉಪಕಾರ.

ನೀರಿನ ಸಾಣೆಯಷ್ಟು ಮನಸ್ಸಿಗೆ ಹಿತವಾದ ಯಂತ್ರ ಇನ್ನೊಂದಿಲ್ಲ. ಕಿಡಿಯಿಲ್ಲ, ದೂಳಿಲ್ಲ, ಸದ್ದೂ ಅಷ್ಟಕ್ಕಷ್ಟೇ, ಹದ ಕೆಡುವ ಭಯವಂತೂ ಇಲ್ಲವೇ ಇಲ್ಲ. ಕೊನೆಗೆ ಚರ್ಮದ ಚಕ್ರಕ್ಕೆ ಪೇಸ್ಟ್ ಹಚ್ಚಿ ಉಜ್ಜಿದ ಅಲಗು ಮೆದು ಮರದಲ್ಲಿ ಮೊದಲ ಸ್ಥಾನ ಪಡೆಯಿತು. ತೊಂದರೆ ಇರುವುದು ಮಸೆಯುವ ಮೊದಲು ಮತ್ತು ಆಮೇಲೆ. ತೊಟ್ಟಿ ತುಂಬಿಸಬೇಕು, ಒಣಕಲ್ಲು ನೀರು ಕುಡಿಯುವ ತನಕ ಕಾಯಬೇಕು, ಉಳಿಯನ್ನು ಜಿಗ್‌ಗೆ ನೇರವಾಗಿ ಬಿಗಿಯಬೇಕು, ಮುಗಿದ ಮೇಲೆ ಕೆಸರು ಚೆಲ್ಲಿ ತೊಳೆಯಬೇಕು. ಕಲ್ಲು ಸವೆದು ವ್ಯಾಸ ಇಳಿದಂತೆ ಕೋನವನ್ನೂ ಹೊಸದಾಗಿ ಹೊಂದಿಸಬೇಕು. ಒಂದೇ ಒಂದು ಉಳಿಗಾಗಿ ಈ ಸಂಭ್ರಮ ಯಾರಿಗೆ ಬೇಕು? ಹಾಗಾಗಿ ‘ನಾಳೆ ಎಲ್ಲವನ್ನೂ ಒಟ್ಟಿಗೆ ಮಸೆದರಾಯ್ತು’ ಎಂದು ಮೊಂಡು ಉಳಿಯಲ್ಲೇ ಕೆಲಸ ಮುಂದುವರಿಸಿದ ದಿನಗಳು ನನ್ನ ಲೆಕ್ಕದಲ್ಲಿ ಬಹಳ.

ಡಿಸ್ಕ್ ಯಂತ್ರ ಗೆದ್ದದ್ದು ಇಲ್ಲೇ. ಸ್ವಿಚ್ ಒತ್ತಿ, 25ಕ್ಕೋ 30ಕ್ಕೋ ಕೋನ ಇಟ್ಟು, ಕೆಳಗಿನಿಂದ ಉಳಿ ತೂರಿಸಿ ಎರಡು ಮೂರು ಸಲ ತಾಗಿಸಿ ಎಳೆದರೆ ಬೆನ್ನಿನ ಕಡೆ ಬರ್, ಅಂದರೆ ಉಕ್ಕಿನ ತೆಳು ಅಂಚು, ಏಳುತ್ತದೆ. ಅದನ್ನು ತೆಗೆದು ಮತ್ತೆ ಕೆಲಸಕ್ಕೆ ಕೂರಲು ಎರಡು ನಿಮಿಷ ಸಾಕು. ಹೊಸ ಉಳಿಯ ಬೆನ್ನನ್ನು ಮಟ್ಟ ಮಾಡಲೂ ಇದರ ಮೇಲ್ಮೈಯೇ ಮೂರರಲ್ಲಿ ಲೇಸು. ಬೆನ್ನು ಮಟ್ಟವಿಲ್ಲದಿದ್ದರೆ ಮುಂದಿನ ಕಡೆ ಎಷ್ಟು ಹೊಳೆಸಿದರೂ ದಂಡ. ಕೊರತೆಗಳೂ ಇವೆ. ಪೇಪರ್ ಬೇಗ ಸವೆಯುತ್ತದೆ. ಡಿಸ್ಕ್‌ನ ಹೊರಭಾಗ ಒಳಭಾಗಕ್ಕಿಂತ ಜೋರಾಗಿ ಓಡುವುದರಿಂದ 38 ಮಿಮೀ ಉಳಿಯ ಒಂದು ಬದಿ ಹೆಚ್ಚು ಸವೆದು ಅಲಗು ಓರೆಯಾಯಿತು. ಲಂಬಕೋನ ನೋಡುವ ಗುಣಿಯ ಹಿಡಿದು ನೋಡಿದಾಗಲೇ ಅದು ಗೊತ್ತಾದದ್ದು. ಈಗ ಅಗಲದ ಉಳಿಯಾದರೆ ಒತ್ತಡವನ್ನು ಇನ್ನೊಂದು ಬದಿಗೆ ತುಸು ವಾಲಿಸುತ್ತೇನೆ.

ನೀರಿನ ಸಾಣೆಯನ್ನು ಗೆಳೆಯನಿಗೆ ಕೊಟ್ಟುಬಿಟ್ಟೆ. ಅವನು ವಾರಕ್ಕೊಮ್ಮೆ ಕೂತು ಉಳಿ, ಚಾಕು, ಕತ್ತರಿ ಎಲ್ಲವನ್ನೂ ಸಾಲಾಗಿ ಮಸೆಯುವವನು, ಆ ಯಂತ್ರ ಅವನಿಗೇ ಸರಿ. ನನ್ನಲ್ಲಿ ಮುಕ್ಕಾದವುಗಳಿಗೆ ಒಣ ಗ್ರೈಂಡರ್ ಇದೆ, ದಿನನಿತ್ಯಕ್ಕೆ ಡಿಸ್ಕ್ ಇದೆ. ಆ 6 ಮಿಮೀ ಉಳಿಯನ್ನು ಮಾತ್ರ ಎರಡರ ಹತ್ತಿರಕ್ಕೂ ಒಯ್ಯುವುದಿಲ್ಲ. ಒಣ ಚಕ್ರದಲ್ಲಿ ಅದು ಕ್ಷಣದಲ್ಲಿ ಕಾಯುತ್ತದೆ, ಡಿಸ್ಕ್‌ನಲ್ಲಿ ಅತ್ತಿತ್ತ ವಾಲುತ್ತದೆ. ಮಸೆಗಲ್ಲಿನ ಮೇಲೆ ಕೈಯಲ್ಲೇ ಉಜ್ಜಿದರೆ ಅದಕ್ಕೆ ಮೂರು ನಿಮಿಷವೂ ಬೇಡ.