ತಕ್ಕಡಿ ಹತ್ತಿದ ಚೀಸ್

ವ್ಯಾಯಾಮ ಶಾಲೆಯ ತರಬೇತುದಾರರು ಪ್ರೋಟೀನ್ ಹೆಚ್ಚಿಸಿಕೊಳ್ಳಿ ಎಂದ ದಿನ ನನಗೆ ಮೊದಲು ಹೊಳೆದದ್ದು ಚೀಸ್. ತಿನ್ನಲು ನೆಪ ಬೇಕಾಗಿತ್ತು, ಸಿಕ್ಕಿತು. ಮೊಟ್ಟೆ ಬೇಯಿಸುವ ತಾಪತ್ರಯವಿಲ್ಲ, ರಾತ್ರಿಯೇ ಕಾಳು ನೆನೆಸಿಡಬೇಕೆಂಬ ನೆನಪೂ ಬೇಕಿಲ್ಲ. ನಾಲ್ಕು ಬಗೆಯ ಚೀಸ್ ತಂದೆ, ಗ್ರಾಂ ಲೆಕ್ಕ ತೋರಿಸುವ ಪುಟ್ಟ ತಕ್ಕಡಿಯನ್ನೂ ಕೊಂಡೆ. ಒಂದು ತಿಂಗಳು ತೂಗಿ ತೂಗಿ ತಿಂದ ಮೇಲೆ ಬರೆಯುತ್ತಿದ್ದೇನೆ.

ಸಿಟ್ಟು ಬಂದದ್ದು ಸಂಸ್ಕರಿಸಿದ ಚೀಸಿನ ಸ್ಲೈಸ್‌ಗಳ ಮೇಲೆ. ಪೊಟ್ಟಣದ ಮುಂದೆ ಪ್ರೋಟೀನ್ ಎಂಬ ಪದ ಹೆಬ್ಬೆರಳಿನಷ್ಟು ದಪ್ಪ, ಹಿಂದೆ ಅದರ ಲೆಕ್ಕ ಇರುವೆ ಸಾಲಿನಷ್ಟು ಸಣ್ಣ. 20 ಗ್ರಾಂ ತೂಗುವ ಒಂದು ಸ್ಲೈಸಿನಲ್ಲಿ ಪ್ರೋಟೀನ್ 4 ಗ್ರಾಂ ಕೂಡ ಇರಲಿಲ್ಲ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇರುತ್ತದೆ. ಸಂಸ್ಕರಿಸಿದ ಚೀಸ್ ನುಣ್ಣಗೆ ಕರಗಲೆಂದು ಸೋಡಿಯಂ ಸಿಟ್ರೇಟ್, ಫಾಸ್ಫೇಟ್‌ನಂಥ ಲವಣಗಳನ್ನು ಸೇರಿಸುತ್ತಾರೆ. ಮೂರು ಸ್ಲೈಸ್ ತಿಂದ ರಾತ್ರಿ ನೀರಿನ ಲೋಟಕ್ಕಾಗಿ ಎರಡು ಸಲ ಎದ್ದೆ. ಬ್ರೆಡ್ಡಿನ ಮೇಲೆ ಕರಗಿಸಲು ಇದಕ್ಕಿಂತ ಸೊಗಸಾದದ್ದು ಇಲ್ಲ, ಅದನ್ನು ಒಪ್ಪುತ್ತೇನೆ.

ಚೆಡ್ಡರ್ ನನ್ನ ಮೆಚ್ಚಿನದು. ಹಾಗಾಗಿ ಅದರ ಪರವಾಗಿ ವಾದಿಸಲು ಬಹಳ ಒದ್ದಾಡಿದೆ. 100 ಗ್ರಾಂಗೆ ಸುಮಾರು 25 ಗ್ರಾಂ ಪ್ರೋಟೀನ್ ಎಂದರೆ ಕಡಿಮೆಯೇನಲ್ಲ. ಆದರೆ ಅದೇ ತುಂಡಿನಲ್ಲಿ 33 ಗ್ರಾಂ ಕೊಬ್ಬು ಕೂತಿದೆ. ಒಟ್ಟು 400 ಕ್ಯಾಲೊರಿಯಲ್ಲಿ ಪ್ರೋಟೀನಿನ ಪಾಲು 100, ಮಿಕ್ಕದ್ದು ಹೆಚ್ಚುಕಡಿಮೆ ಎಲ್ಲ ಕೊಬ್ಬಿನದು. ನಾನು ಪ್ರೋಟೀನ್ ಎಂದು ಕರೆಯುತ್ತಿದ್ದುದು ಮುಕ್ಕಾಲು ಪಾಲು ಕೊಬ್ಬು! ಮೊದಲ ವಾರದ ಹುಮ್ಮಸ್ಸಿನಲ್ಲಿ ದಿನಕ್ಕೆ 40 ಗ್ರಾಂ ಪ್ರೋಟೀನನ್ನು ಇದರಿಂದಲೇ ಪಡೆಯಲು ಹೊರಟಿದ್ದೆ. ಅದಕ್ಕೆ 160 ಗ್ರಾಂ ಚೀಸ್, 640 ಕ್ಯಾಲೊರಿ, ಜೊತೆಗೆ ಬೆಣ್ಣೆ, ತುಪ್ಪದಲ್ಲಿರುವಂಥ ಸ್ಯಾಚುರೇಟೆಡ್ ಕೊಬ್ಬು ಸುಮಾರು 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಈ ಕೊಬ್ಬು ದಿನದ ಕ್ಯಾಲೊರಿಯಲ್ಲಿ ಹತ್ತರಲ್ಲೊಂದು ಪಾಲನ್ನು ಮೀರಬಾರದು. 2,000 ಕ್ಯಾಲೊರಿ ತಿನ್ನುವವರಿಗೆ ಅದು 22 ಗ್ರಾಂ. ವಾರದ ಕೊನೆಗೆ ನನ್ನ ತೂಕ ಏರಿತ್ತು. ಏರಿದ್ದು ಸ್ನಾಯು ಎಂದು ಹೇಳಿಕೊಳ್ಳಲು ನನಗೇ ನಾಚಿಕೆಯಾಯಿತು. ಇನ್ನೊಂದು ಮಾತನ್ನೂ ಹೇಳಬೇಕು: ಚೆಡ್ಡರ್‌ನಂತೆ ಬಹಳ ದಿನ ಇಟ್ಟು ಮಾಗಿಸಿದ ಚೀಸಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ತೀರಾ ಕಡಿಮೆ. ಹಾಲು ಕುಡಿದರೆ ಗುಡುಗುವ ನನ್ನ ಹೊಟ್ಟೆ ಚೆಡ್ಡರಿಗೆ ತಕರಾರು ಎತ್ತಲಿಲ್ಲ.

ಪಾರ್ಮೆಸಾನ್ ಲೆಕ್ಕದಲ್ಲಿ ಎಲ್ಲವನ್ನೂ ಸೋಲಿಸುತ್ತದೆ: 100 ಗ್ರಾಂಗೆ ಸುಮಾರು 35 ಗ್ರಾಂ ಪ್ರೋಟೀನ್. ಆದರೆ 100 ಗ್ರಾಂ ಯಾರು ತಿಂದಾರು? ಉಪ್ಪು ಅಷ್ಟಿದೆ. ನಾನು 15 ಗ್ರಾಂ ತುರಿದು ಸೂಪಿಗೆ ಉದುರಿಸುತ್ತೇನೆ, ಸೂಪಿಗೆ ಬೇರೆ ಉಪ್ಪು ಹಾಕುವುದಿಲ್ಲ. 5 ಗ್ರಾಂ ಪ್ರೋಟೀನ್ ಸಿಗುತ್ತದೆ, ರುಚಿ ಐವತ್ತು ಗ್ರಾಂನಷ್ಟು ಸಿಗುತ್ತದೆ.

ಕ್ರೀಮ್ ಚೀಸನ್ನು ಪರೀಕ್ಷೆಗೇ ಕೂರಿಸಲಿಲ್ಲ. 100 ಗ್ರಾಂಗೆ 6 ಗ್ರಾಂ ಪ್ರೋಟೀನ್, ಅದು ಬೆಣ್ಣೆಯ ತಂಗಿ.

ಕೊನೆಗೆ ಕಾಟೇಜ್ ಚೀಸ್; ನಮ್ಮ ಪನೀರ್ ಅಲ್ಲ, ಡಬ್ಬದಲ್ಲಿ ಬರುವ, ಚಮಚದಲ್ಲಿ ತಿನ್ನುವ ಮೆತ್ತನೆಯ ಚೀಸ್. ಮೊದಲ ಚಮಚ ಒದ್ದೆ ಹತ್ತಿ ಅಗಿದಂತಿತ್ತು, ಡಬ್ಬ ಮುಚ್ಚಿ ಎರಡು ದಿನ ಮುಟ್ಟಲಿಲ್ಲ. ಆದರೆ ಅಂಕಿಗಳು ಸುಮ್ಮನಿರಲು ಬಿಡಲಿಲ್ಲ: 100 ಗ್ರಾಂಗೆ 11 ಗ್ರಾಂ ಪ್ರೋಟೀನ್, ಕ್ಯಾಲೊರಿ ನೂರರ ಆಸುಪಾಸು. 200 ಗ್ರಾಂ ತಿಂದರೆ 22 ಗ್ರಾಂ ಪ್ರೋಟೀನ್ ಬಂತು, ಕೊಬ್ಬು 10 ಗ್ರಾಂ ಮುಟ್ಟಲಿಲ್ಲ. ಸೌತೆಕಾಯಿ ಹೋಳು, ಕಾಳುಮೆಣಸಿನ ಪುಡಿ ಸೇರಿಸಿ, ಮೇಲೆ ಚಿಟಿಕೆ ಪಾರ್ಮೆಸಾನ್ ಉದುರಿಸಿದ ದಿನ ಅದಕ್ಕೆ ಜೀವ ಬಂತು. ಅದರಲ್ಲಿರುವ ಕೇಸಿನ್ ಎಂಬ ಹಾಲಿನ ಪ್ರೋಟೀನ್ ನಿಧಾನವಾಗಿ ಜೀರ್ಣವಾಗುವಂಥದ್ದು. ಬೆಳಗ್ಗೆ ತಿಂದರೆ ಮಧ್ಯಾಹ್ನದವರೆಗೆ ಬಿಸ್ಕತ್ ಡಬ್ಬದ ನೆನಪಾಗುವುದಿಲ್ಲ.

ಈಗ ಫ್ರಿಜ್‌ನಲ್ಲಿ ಕಾಟೇಜ್ ಚೀಸ್ ಖಾಯಂ, ಪಾರ್ಮೆಸಾನ್ ಒಂದು ತುಂಡು. ಸ್ಲೈಸ್ ಮತ್ತೆ ತಂದಿಲ್ಲ. ಚೆಡ್ಡರ್‌ಗೆ ದಿನಕ್ಕೆ 30 ಗ್ರಾಂ ಎಂದು ಮಿತಿ ಹಾಕಿಕೊಂಡಿದ್ದೇನೆ. ನಿನ್ನೆ ಕತ್ತರಿಸಿ ಇಟ್ಟಾಗ ತಕ್ಕಡಿ 34 ತೋರಿಸಿತು. ಹೆಚ್ಚಾದ ನಾಲ್ಕು ಗ್ರಾಂ ಮುರಿದು ಬಾಯಿಗೆ ಹಾಕಿಕೊಂಡು, ಲೆಕ್ಕದ ಪುಸ್ತಕದಲ್ಲಿ 30 ಎಂದು ಬರೆದೆ.