ವಿಂಡೋಸ್ ಪಕ್ಕದಲ್ಲಿ ಲಿನಕ್ಸ್ ಹಾಕಿಸುವವರೇ, ಹುಷಾರು!

ಉಬುಂಟು (ವಿಂಡೋಸ್ ಬದಲು ಬಳಸೋ ಲಿನಕ್ಸ್‌ನ ಒಂದು ಬಗೆ) ಟ್ರೈ ಮಾಡೋಣ ಅಂತ ಲ್ಯಾಪ್‌ಟಾಪನ್ನು ಬೇರೆಯವರ ಕೈಗೆ ಕೊಡುವ ಮುಂಚೆ ಇದನ್ನು ಓದಿ. ಹೊಟ್ಟೆ ಉರಿದು ಬರೆಯುತ್ತಿದ್ದೇನೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗಿಯಿತು, ನನ್ನ ಹಳೇ ಲ್ಯಾಪ್‌ಟಾಪಿಗೆ 11 ಹಾಕೋಕೆ ಆಗಲ್ಲ. ಸರಿ, ವಿಂಡೋಸ್ ಇದ್ದ ಹಾಗೇ ಇರಲಿ, ಪಕ್ಕದಲ್ಲಿ ಉಬುಂಟು ಹಾಕಿಕೊಡಿ ಅಂತ ಇದೇ ಕೆಲಸ ಮಾಡುವ ಒಬ್ಬನಿಗೆ ಮೆಸೇಜ್ ಮಾಡಿದೆ. 'ಡ್ಯುಯಲ್ ಬೂಟ್ (ಒಂದೇ ಲ್ಯಾಪ್‌ಟಾಪಲ್ಲಿ ಎರಡೂ), ಡೇಟಾ ಹೋಗಬಾರದು' ಅಂತ ಬಿಡಿಸಿ ಬರೆದಿದ್ದೆ. 'ಏನೂ ಆಗಲ್ಲ ಸರ್, ದಿನಾ ಮಾಡೋ ಕೆಲಸ' ಅಂದ. ಬ್ಯಾಕಪ್ ಬಗ್ಗೆ ಒಂದು ಮಾತಿಲ್ಲ. ದುಡ್ಡು ಮಾತ್ರ ಮೊದಲೇ ಇಸ್ಕೊಂಡ.

ಲ್ಯಾಪ್‌ಟಾಪ್ ವಾಪಸ್ ಬಂದ ಮೇಲೆ ಆನ್ ಮಾಡಿದೆ. ಯಾವುದು ಬೇಕು ಅಂತ ಕೇಳುವ ಮೆನು ಬರಬೇಕಲ್ವಾ? ಬರಲಿಲ್ಲ. ಸೀದಾ ಉಬುಂಟು. ಡಿಸ್ಕ್ಸ್ ಆಪ್ ತೆಗೆದು ನೋಡಿದರೆ ಬೂಟ್ ಆಗೋಕೆ ಬೇಕಾದ ಸಣ್ಣದೊಂದು ಇಎಫ್‌ಐ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ), ಉಳಿದ ಜಾಗವೆಲ್ಲಾ ಲಿನಕ್ಸ್ ಬಳಸುವ ಒಂದೇ ಎಕ್ಸ್‌ಟಿ4. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಅನ್ನೋದು ಎಲ್ಲೂ ಇಲ್ಲ. ಅಂದರೆ 'ವಿಂಡೋಸ್ ಜೊತೆಗೆ' ಅನ್ನುವುದನ್ನು ಬಿಟ್ಟು 'ಡಿಸ್ಕ್ ಪೂರ್ತಿ ಅಳಿಸು' ಅನ್ನುವುದನ್ನು ಒತ್ತಿದ್ದಾನೆ ಮಹಾನುಭಾವ. ಫೋಟೋ, ಲೆಕ್ಕದ ಫೈಲು ಎಲ್ಲಾ ಹೋಯ್ತು. ಎಲ್ಲಾ.

ಕೇಳಿದರೆ ಏನಂದ ಗೊತ್ತಾ? 'ವಿಂಡೋಸ್ ಇದೆ ಸರ್, ಕಾಣ್ತಿಲ್ಲ ಅಷ್ಟೇ. ಟರ್ಮಿನಲ್‌ನಲ್ಲಿ ಗ್ರಬ್ ಅಪ್‌ಡೇಟ್ ಮಾಡಿ.' ಮಾಡಿದೆ. ಗ್ರಬ್ ಅಂದರೆ ಆ ಮೆನು ತೋರಿಸುವ ಪ್ರೋಗ್ರಾಂ; ಇಲ್ಲದ ವಿಂಡೋಸನ್ನು ಅದು ಎಲ್ಲಿಂದ ತರುತ್ತೆ? ಆಮೇಲೆ ವರಸೆ ಬದಲಾಯಿತು. 'ನೀವು ಲಿನಕ್ಸ್ ಕೇಳಿದ್ರಿ, ಹಾಕಿದೀನಿ.' ನನ್ನ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದೆ. 'ಬ್ಯಾಕಪ್ ಕಸ್ಟಮರ್ ಜವಾಬ್ದಾರಿ.' ಕೊನೆಗೆ ಒಂಚೂರೂ ನಾಚಿಕೆ ಇಲ್ಲದೆ, 'ರಿಕವರಿ ನಾನೇ ಮಾಡಿಕೊಡ್ತೀನಿ, ಚಾರ್ಜ್ ಬೇರೆ ಆಗುತ್ತೆ.' ಮನೆಗೆ ಬೆಂಕಿ ಇಟ್ಟವನೇ ನೀರು ಮಾರೋಕೆ ಬಂದ ಹಾಗೆ!

ಸುಮ್ನೆ ನೋಡೋಕೆ ಇನ್‌ಸ್ಟಾಲೇ ಬೇಡ. ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ 'ಟ್ರೈ' ಆರಿಸಿದರೆ ಸಾಕು, ನಿಮ್ಮ ಡಿಸ್ಕ್ ಮುಟ್ಟದೆ ನಡೆಯುತ್ತೆ. ಇದನ್ನು ಅವನು ಹೇಳಲೇ ಇಲ್ಲ, ಹೇಳಿದ್ದರೆ ದುಡ್ಡು ಹುಟ್ಟಬೇಕಲ್ಲ. ಹಾಕಿಸಲೇಬೇಕು ಅಂದರೆ ಬ್ಯಾಕಪ್ ಹೊರಗಿನ ಡಿಸ್ಕಿನಲ್ಲಿರಲಿ, ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ, ವಿಂಡೋಸ್ ಪಾಲಿನ ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಶ್ರಿಂಕ್ (ಚಿಕ್ಕದು) ಮಾಡಿಸಿ, ಮುಗಿಯೋವರೆಗೂ ಪಕ್ಕದಲ್ಲೇ ಕೂತಿರಿ.

ಈಗಾಗಲೇ ನನ್ನ ಹಾಗೆ ಆಗಿದ್ದರೆ ಆ ಡಿಸ್ಕ್ ಬಳಸೋದನ್ನು ತಕ್ಷಣ ನಿಲ್ಲಿಸಿ, ಹೊಸದಾಗಿ ಏನು ಬರೆದರೂ ಉಳಿದಿದ್ದೂ ಹೋಗುತ್ತೆ. ನಮ್ಮ ಎಕ್ಸ್‌ಪರ್ಟ್ ಕೊಟ್ಟ ಸಲಹೆ ಇದಕ್ಕೆ ಪೂರ್ತಿ ಉಲ್ಟಾ, ಅದನ್ನು ಮಾತ್ರ ಮಾಡಬೇಡಿ: 'ವಿಂಡೋಸ್ ಇನ್ನೊಂದ್ಸಲ ಇನ್‌ಸ್ಟಾಲ್ ಮಾಡಿ ನೋಡಿ ಸರ್, ಫೈಲ್ ಬಂದ್ರೂ ಬರಬಹುದು.'